ಅತ್ತೆಯ ಹೆಸರು ಮಗುವಿಗೆ ಇಡಬಹುದೇ?

ಓದುಗರ ಪತ್ರ: ಮುಂದಿನ ತಿಂಗಳು ನಮ್ಮ ಮಗಳ ಜ್ಞಾನಸ್ನಾನ. ಅತ್ತೆಯವರ ಹೆಸರು ಫಿಲೋಮಿನಾ. ಅದನ್ನೇ ಮಗುವಿಗೂ ಇಡೋಣ ಎಂದು ನನ್ನ ಯಜಮಾನರ ಆಸೆ. ನನಗೂ ಬೇಡ ಅಂತೇನಿಲ್ಲ. ಆದರೆ ದುಬೈಯಲ್ಲಿರುವ ನಾದಿನಿ, "ಆ ಸಂತಳನ್ನು ರೋಮ್‌ನವರು ಯಾವಾಗಲೋ ಪಟ್ಟಿಯಿಂದ ತೆಗೆದುಹಾಕಿದ್ದಾರೆ, ಆ ಹೆಸರು ಯಾಕೆ?" ಅಂತಾಳೆ. ಅರ್ಥ ಹುಡುಕಿದರೆ ಒಂದು ಕಡೆ ಚಂದ್ರನನ್ನು ಪ್ರೀತಿಸುವವಳು, ಇನ್ನೊಂದು ಕಡೆ ಬೆಳಕಿನ ಮಗಳು, ಮತ್ತೊಂದು ಕಡೆ ಹಾಡುವ ಹಕ್ಕಿ ಅಂತ ಇದೆ. ಯಾವುದು ನಿಜ? ನಮ್ಮ ಕಡೆ ಅರವತ್ತು ದಾಟಿದವರಲ್ಲಿ ಎಲ್ಲಿ ನೋಡಿದರೂ ಫಿಲೋಮಿನಾ, ಮಕ್ಕಳಲ್ಲಿ ಒಬ್ಬಳೂ ಇಲ್ಲ. ಯಾಕೆ ಹೀಗೆ?
ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ನಿಮ್ಮ ನಾದಿನಿ ಹೇಳಿದ್ದು ಅರ್ಧ ನಿಜ. 1961ರ ಫೆಬ್ರವರಿ 14ರಂದು ರೋಮ್‌ನಿಂದ ಒಂದು ಆದೇಶ ಹೊರಟಿತು. ಸಂತ ಫಿಲೋಮಿನಾಳ ಹಬ್ಬವನ್ನು ಎಲ್ಲ ಕ್ಯಾಲೆಂಡರುಗಳಿಂದ ತೆಗೆಯಬೇಕು ಎಂದು ಅದರಲ್ಲಿತ್ತು. ಆದರೆ ತೆಗೆದದ್ದು ಹಬ್ಬವನ್ನು. ಹೆಸರಿಗೆ ಏನೂ ಆಗಿಲ್ಲ. ಆ ಹೆಸರು ಈ ಸಂತಳ ಕತೆಗಿಂತ ಎಷ್ಟೋ ಹಳೆಯದು.

ಮೊದಲು ಅರ್ಥ ಮುಗಿಸಿಬಿಡೋಣ. ಗ್ರೀಕ್‌ನಲ್ಲಿ ಫಿಲೇಯೊ ಅಂದರೆ ಪ್ರೀತಿಸುತ್ತೇನೆ. ಅದರಿಂದ ಬಂದದ್ದು ಫಿಲೂಮೆನೆ, ಅಂದರೆ ಎಲ್ಲರ ಪ್ರೀತಿ ಪಡೆದವಳು. ನಮ್ಮಲ್ಲಿ ಪ್ರಿಯಾ ಎಂದು ಹೆಸರಿಡುತ್ತೇವಲ್ಲ, ಅದೇ ಭಾವ. ಮೇನೆ ಅಂದರೆ ಗ್ರೀಕ್‌ನಲ್ಲಿ ಚಂದ್ರ. ಯಾರೋ ಹೆಸರನ್ನು ನಡುವೆ ಮುರಿದು ಚಂದ್ರನನ್ನು ಒಳಗೆ ಸೇರಿಸಿದ್ದಾರೆ, ಅಷ್ಟೇ. ಹಾಡುವ ಹಕ್ಕಿ ಬೇರೆಯೇ ಒಬ್ಬಳು. ಗ್ರೀಕ್ ಪುರಾಣದಲ್ಲಿ ಹಕ್ಕಿಯಾಗಿ ಮಾರ್ಪಟ್ಟ ರಾಜಕುಮಾರಿ ಫಿಲೋಮೆಲಾ. ಮಧ್ಯಯುಗದ ಯುರೋಪಿನಲ್ಲಿ ಅವಳ ಹೆಸರನ್ನೂ ಫಿಲೋಮೆನಾ ಎಂದೇ ಬರೆಯುತ್ತಿದ್ದರು, ಹಾಗಾಗಿ ಇಬ್ಬರೂ ಕಲಸಿಹೋದರು. ಬೆಳಕಿನ ಮಗಳು ಎಲ್ಲಿಂದ ಬಂದಳು ಅನ್ನುವುದಕ್ಕೆ ಸ್ವಲ್ಪ ಮುಂದೆ ಬರುತ್ತೇನೆ.

ಹೆಸರು ಎಷ್ಟು ಹಳೆಯದು ಗೊತ್ತೇ? ಕ್ರಿಸ್ತಪೂರ್ವ 165ರಲ್ಲಿ ರೋಮ್‌ನಲ್ಲಿ ಟೆರೆನ್ಸ್ ಎಂಬ ನಾಟಕಕಾರನ ಒಂದು ನಾಟಕ ಆಡಿದರು. ಹೆಸರು ಹೆಕಿರಾ, ಅಂದರೆ ಅತ್ತೆ. ಅದರಲ್ಲಿ ಸೊಸೆಯ ಹೆಸರು ಫಿಲೂಮೆನಾ! ಗಂಡ ಊರಲ್ಲಿಲ್ಲದಾಗ ಸೊಸೆ ತವರಿಗೆ ಹೋಗಿ ಕೂತುಬಿಡುತ್ತಾಳೆ. ಊರೆಲ್ಲ ಅತ್ತೆಯದೇ ತಪ್ಪು ಅನ್ನುತ್ತದೆ. ಕೊನೆಗೆ ನೋಡಿದರೆ ಅತ್ತೆಯ ತಪ್ಪು ಏನೂ ಇರುವುದಿಲ್ಲ. ಇಷ್ಟೆಲ್ಲ ಗಲಾಟೆಗೆ ಕಾರಣಳಾದ ಸೊಸೆ ಮಾತ್ರ ನಾಟಕದುದ್ದಕ್ಕೂ ರಂಗದ ಮೇಲೆ ಬರುವುದೇ ಇಲ್ಲ. ಮೊದಲ ಪ್ರದರ್ಶನ ಅರ್ಧಕ್ಕೇ ನಿಂತಿತು. ಹಗ್ಗದ ಮೇಲೆ ನಡೆಯುವವನು ಬಂದಿದ್ದಾನೆ ಅಂತ ಸುದ್ದಿ ಹಬ್ಬಿ ಜನರೆಲ್ಲ ಆ ಕಡೆ ತಿರುಗಿದರಂತೆ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ, ಖಂಡಿತ ನಗುತ್ತಾರೆ.

ರೋಮ್‌ನಲ್ಲಿ ಗುಲಾಮರಿಗೆ ಗ್ರೀಕ್ ಹೆಸರು ಇಡುವುದು ವಾಡಿಕೆ. ಬಿಡುಗಡೆ ಸಿಕ್ಕ ಮೇಲೂ ಅವರಿಗೆ ಅದೇ ಹೆಸರು ಉಳಿಯುತ್ತಿತ್ತು. ಹೀಗೆ ಗ್ರೀಸ್‌ನ ಹೆಸರೊಂದು ರೋಮ್‌ನ ಬೀದಿಗಳಲ್ಲಿ ಬಳಕೆಗೆ ಬಂತು. ಮುಂದೆ 14ನೇ ಶತಮಾನದಲ್ಲಿ ಇಟಲಿಯ ಲೇಖಕ ಬೊಕಾಚಿಯೊ ತನ್ನ ಕತೆ ಹೇಳುವ ಏಳು ಯುವತಿಯರಲ್ಲಿ ಒಬ್ಬಳಿಗೆ ಫಿಲೋಮೆನಾ ಎಂದು ಹೆಸರಿಟ್ಟ. ಆಗಿನ್ನೂ ಸಂತ ಫಿಲೋಮಿನಾಳ ಹೆಸರನ್ನು ಯಾರೂ ಕೇಳಿರಲಿಲ್ಲ.

ಅವಳು ಸಿಕ್ಕಿದ್ದು 1802ರ ಮೇ ತಿಂಗಳಲ್ಲಿ. ರೋಮ್‌ನಲ್ಲಿ ಪ್ರಿಸಿಲ್ಲಾ ಹೆಸರಿನ ಕ್ಯಾಟಕೂಂಬ್ ಇದೆ. ಹಳೆಯ ಕ್ರೈಸ್ತರು ನೆಲದಡಿಯಲ್ಲಿ ಸುರಂಗ ತೋಡಿ ಹೆಣ ಹೂಳುತ್ತಿದ್ದ ಜಾಗ ಅದು. ಅಲ್ಲಿ ಒಂದು ಗೂಡಿನ ಬಾಯಿಗೆ ಮೂರು ಮಣ್ಣಿನ ಹಲಗೆ ಮುಚ್ಚಿದ್ದರು. ಅವುಗಳ ಮೇಲೆ ಕ್ರಮವಾಗಿ "ಲುಮೆನಾ", "ಪಾಕ್ಸ್ ತೆ", "ಕುಮ್ ಫಿ" ಎಂದಿತ್ತು. ಹಾಗೇ ಓದಿದರೆ ಅರ್ಥವೇ ಇಲ್ಲ. ಮೊದಲ ಹಲಗೆಯನ್ನು ಕೊನೆಗಿಟ್ಟು ಓದಿದರೆ "ಪಾಕ್ಸ್ ತೆಕುಮ್, ಫಿಲುಮೆನಾ", ಅಂದರೆ ಫಿಲುಮೆನಾ, ನಿನಗೆ ಶಾಂತಿ ಇರಲಿ. ಒಳಗೆ ಎಳೆಯ ಹುಡುಗಿಯೊಬ್ಬಳ ಮೂಳೆಗಳಿದ್ದವು. ಪಕ್ಕದಲ್ಲಿ ಗಾಜಿನ ಸಣ್ಣ ಪಾತ್ರೆ. ಅದರಲ್ಲಿ ಒಣಗಿದ ರಕ್ತವಿದೆ ಅಂದುಕೊಂಡರು. ಆ ಕಾಲದಲ್ಲಿ ಅದು ರಕ್ತಸಾಕ್ಷಿಯ, ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರ, ಗುರುತು. ಹಲಗೆಗಳ ಮೇಲೆ ಲಂಗರು, ಬಾಣಗಳ ಚಿತ್ರವೂ ಇತ್ತು. ಅಷ್ಟೇ. ಯಾರ ಮಗಳು, ಯಾವ ಊರು, ಹೇಗೆ ಸತ್ತಳು, ಒಂದು ಸಾಲೂ ಇರಲಿಲ್ಲ.

1805ರಲ್ಲಿ ಆ ಅವಶೇಷಗಳು ನೇಪಲ್ಸ್ ಹತ್ತಿರದ ಮುಗ್ನಾನೊ ಎಂಬ ಚಿಕ್ಕ ಊರಿಗೆ ಹೋದವು. ಅಲ್ಲಿ ಹರಕೆ, ಪವಾಡದ ಸುದ್ದಿ ಶುರುವಾಯಿತು. ಸಂತಳಿಗೆ ಜೀವನಕತೆ ಇಲ್ಲದ ಕೊರತೆಯನ್ನು 1833ರಲ್ಲಿ ಒಬ್ಬ ಕನ್ಯಾಸ್ತ್ರೀ ತುಂಬಿದರು. ಫಿಲೋಮಿನಾಳೇ ತನಗೆ ತನ್ನ ಕತೆ ಹೇಳಿದಳು ಎಂದರು: ಗ್ರೀಸ್‌ನ ರಾಜಕುಮಾರಿ, ಚಕ್ರವರ್ತಿ ಡಯೋಕ್ಲೀಷಿಯನ್‌ನನ್ನು ಮದುವೆಯಾಗಲು ಒಪ್ಪದೆ ಪ್ರಾಣ ಕೊಟ್ಟವಳು. ನಿಮಗೆ ಸಿಕ್ಕ ಬೆಳಕಿನ ಮಗಳು ಕೂಡ ಈ ಕತೆಯವಳೇ. ಅದು ಲ್ಯಾಟಿನ್‌ನ ಫಿಲಿಯಾ ಲೂಮಿನಿಸ್‌ನಿಂದ ಮಾಡಿದ ಅರ್ಥ. ಗ್ರೀಕ್ ಹುಡುಗಿಗೆ ಲ್ಯಾಟಿನ್ ಹೆಸರು ಯಾಕೆ ಬಂತು ಅಂತ ಆಗ ಯಾರೂ ಕೇಳಲಿಲ್ಲ.

ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಇಟಲಿಯಿಂದಲ್ಲ, ಫ್ರಾನ್ಸ್‌ನಿಂದ ಅಂತ ನನ್ನ ಅಭಿಪ್ರಾಯ. ಲಿಯೋನ್ ನಗರದ ಪೋಲಿನ್ ಜಾರಿಕೊ ಎಂಬ ಮಹಿಳೆ 1835ರಲ್ಲಿ ಸಾಯುವ ಸ್ಥಿತಿಯಲ್ಲಿ ಮುಗ್ನಾನೊಗೆ ಹೋಗಿ ಗುಣವಾಗಿ ಬಂದರು. ಇವರು ಸಾಮಾನ್ಯರಲ್ಲ. ದೂರದ ದೇಶಗಳ ಮಿಷನ್‌ಗಳಿಗೆ ಬಡವರಿಂದ ಪುಡಿಗಾಸು ಕೂಡಿಸಿ ಕಳಿಸುವ ದೊಡ್ಡ ಸಂಘಟನೆ ಕಟ್ಟಿದವರು. ಅವರಿಂದ ಅವಶೇಷದ ಒಂದು ತುಣುಕು ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನಿ ಅವರ ಕೈಸೇರಿತು. ವಿಯಾನಿ ಅವರ ಹತ್ತಿರ ಪಾಪನಿವೇದನೆಗೆ ಜನ ಸಾಲುಗಟ್ಟಿ ಬರುತ್ತಿದ್ದರು. ಯಾರಿಗೆ ಒಳ್ಳೆಯದಾದರೂ ಅವರು "ಅದು ಫಿಲೋಮಿನಾ ಮಾಡಿದ್ದು" ಅಂದುಬಿಡುತ್ತಿದ್ದರು. 1837ರಲ್ಲಿ ಜಗದ್ಗುರು ಪೋಪ್ 16ನೇ ಗ್ರೆಗರಿ ಬಹಿರಂಗ ಆರಾಧನೆಗೆ ಒಪ್ಪಿಗೆ ಕೊಟ್ಟರು. ಹಬ್ಬ ಆಗಸ್ಟ್ 11ಕ್ಕೆ ಗೊತ್ತಾಯಿತು.

ನಿಮ್ಮ ಊರಿಗೆ ಇದು ಹೇಗೆ ಬಂತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಕ್ಯಾಥೊಲಿಕ್ ಸಭೆಯನ್ನು ನೋಡಿಕೊಂಡವರು ಪ್ಯಾರಿಸ್ ಮಿಷನ್‌ನ ಫ್ರೆಂಚ್ ಪಾದ್ರಿಗಳು. ತಮ್ಮ ಊರಿನಲ್ಲಿ ಮನೆಮಾತಾಗಿದ್ದ ಸಂತಳನ್ನು ಅವರು ಇಲ್ಲಿಗೂ ಕರೆತಂದರು. ಆಮೇಲೆ ಅರಮನೆಯೂ ಸೇರಿಕೊಂಡಿತು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು 1926ರಲ್ಲಿ ಸಂತಳ ಅವಶೇಷ ತರಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲು ಹಾಕಿದರು. ಜರ್ಮನಿಯ ಕೊಲೋನ್ ಚರ್ಚಿನ ಮಾದರಿ, 175 ಅಡಿಯ ಜೋಡಿ ಗೋಪುರ. ಅವಶೇಷ ಇರುವುದು ಅದರ ನೆಲಮಾಳಿಗೆಯಲ್ಲಿ. ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ, ಆದರೆ ಮೈಸೂರಿನ ಯಾವ ಆಟೋದವರಿಗೆ ಹೇಳಿ ನೋಡಿ, ಅದು ಫಿಲೋಮಿನಾ ಚರ್ಚ್. ಅದೇ ತಂಬುಚೆಟ್ಟಿ ಮನೆತನದ ಫಿಲೋಮಿನಾ ತಂಬುಚೆಟ್ಟಿ ಪ್ಯಾರಿಸ್‌ನಲ್ಲಿ ಪಿಟೀಲು ಕಲಿತು ಹೆಸರು ಮಾಡಿದವರು. ಮೈಸೂರಿನಲ್ಲಿ, ಪುತ್ತೂರಿನಲ್ಲಿ ಕಾಲೇಜು, ಬೆಂಗಳೂರಿನಲ್ಲಿ ಆಸ್ಪತ್ರೆ, ಎಲ್ಲಕ್ಕೂ ಇದೇ ಹೆಸರು.

ಇನ್ನೊಂದು ಕಾರಣ ಜಾಸ್ತಿ ಜನರಿಗೆ ಗೊತ್ತಿಲ್ಲ. 1917ರ ಧರ್ಮಸಭೆಯ ಕಾನೂನಿನ ಪ್ರಕಾರ ಮಗುವಿಗೆ ಕ್ರೈಸ್ತ ಹೆಸರು ಇಡುವಂತೆ ಪಾದ್ರಿಗಳು ನೋಡಿಕೊಳ್ಳಬೇಕಿತ್ತು. ತಂದೆತಾಯಿ ಬೇರೆ ಹೆಸರು ತಂದರೆ ಅದರ ಜೊತೆಗೆ ಒಬ್ಬ ಸಂತರ ಹೆಸರು ಸೇರಿಸುತ್ತಿದ್ದರು. ಹಾಗಾಗಿ ಹೆಸರು ಹುಡುಕುವುದೇ ಸಂತರ ಪಟ್ಟಿಯಲ್ಲಿ. ಎದುರಿಗೆ ಅಷ್ಟು ದೊಡ್ಡ ಚರ್ಚ್, ಆಗಸ್ಟ್‌ನಲ್ಲಿ ಹಬ್ಬ. ಆ ಕಾಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಫಿಲೋಮಿನಾ ಆಗದೆ ಇನ್ನೇನಾಗುತ್ತಾರೆ? ಕೊಂಕಣಿ ಮನೆಗಳಲ್ಲಿ ಅವರು ಫಿಲೋಮಿನಾ ಬಾಯಿ, ಹಳ್ಳಿಗಳಲ್ಲಿ ಪಿಲೋಮಿನಮ್ಮ. ಐರ್ಲೆಂಡಿನಲ್ಲೂ ಇದೇ ಆಯಿತು. ತನ್ನಿಂದ ದೂರ ಮಾಡಿದ ಮಗನನ್ನು ಹುಡುಕಿದ ಫಿಲೋಮಿನಾ ಲೀ ಹುಟ್ಟಿದ್ದು 1933ರಲ್ಲಿ, ಹಾಡುಗಾರ್ತಿ ಫಿಲೋಮಿನಾ ಬೆಗ್ಲಿ 1942ರಲ್ಲಿ.

ಈಗ 1961ಕ್ಕೆ ಬರೋಣ. ಸಂಶಯ ಅಂದೇ ಹುಟ್ಟಿದ್ದಲ್ಲ. ಮೂರು ಹಲಗೆಗಳ ಕ್ರಮ ತಪ್ಪಿದ್ದು ಯಾಕೆ ಎಂದು ಇಟಲಿಯ ಪುರಾತತ್ವಜ್ಞ ಮಾರುಕ್ಕಿ 20ನೇ ಶತಮಾನದ ಆರಂಭದಲ್ಲೇ ಕೇಳಿದ್ದರು. ಹಲಗೆಗಳು ಬೇರೆ ಯಾರದೋ ಹಳೆಯ ಸಮಾಧಿಯವು, ಆಮೇಲೆ ಇನ್ನೊಬ್ಬರ ಗೂಡಿಗೆ ಅವನ್ನೇ ಮತ್ತೆ ಬಳಸಿದ್ದಾರೆ, ಅದು ತಿಳಿಯಲಿ ಅಂತಲೇ ಹಿಂದುಮುಂದಾಗಿ ಇಟ್ಟಿದ್ದಾರೆ ಎಂಬುದು ಅವರ ವಾದ. ಅದು ಸರಿಯಾದರೆ ಆ ಮೂಳೆಗಳು ಫಿಲುಮೆನಾಳದ್ದೇ ಅಲ್ಲ. ರೋಮ್ ಕೊನೆಗೆ ಮಾಡಿದ್ದು ಹಬ್ಬವನ್ನು ಕ್ಯಾಲೆಂಡರಿನಿಂದ ತೆಗೆದದ್ದು ಮಾತ್ರ. ಮನೆಯಲ್ಲಿ ಪ್ರಾರ್ಥಿಸಬೇಡಿ ಎಂದು ಹೇಳಲಿಲ್ಲ. ಮುಗ್ನಾನೊದ ಚರ್ಚಿಗೆ ಬೀಗ ಬೀಳಲಿಲ್ಲ. ನಿಮ್ಮ ಮೈಸೂರಿನದ್ದಕ್ಕೂ ಬೀಳಲಿಲ್ಲ. ಆದರೂ ಜನರ ಮನಸ್ಸಿನಲ್ಲಿ ಅನುಮಾನ ಉಳಿಯಿತು. ಅದೇ ಹೊತ್ತಿಗೆ ಕಾಲವೂ ಬದಲಾಯಿತು. ಚಿಕ್ಕ ಹೆಸರು, ಭಾರತೀಯ ಹೆಸರು ಬೇಕು ಅನ್ನುವ ತಲೆಮಾರು ಬಂತು. ನಾಲ್ಕು ಅಕ್ಷರದ ಅಜ್ಜಿ ಹೆಸರು ಯಾರಿಗೆ ಬೇಕು?

ನಿಮ್ಮ ಜ್ಞಾನಸ್ನಾನಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. 1983ರ ಕಾನೂನು ಸಂತರ ಹೆಸರೇ ಬೇಕು ಅನ್ನುವುದಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರು ಬೇಡ ಎನ್ನುತ್ತದೆ, ಅಷ್ಟೇ. ಪ್ರೀತಿ ಪಡೆದವಳು ಅನ್ನುವುದರಲ್ಲಿ ವಿರುದ್ಧವಾದದ್ದು ಏನಿದೆ? ನನ್ನನ್ನು ಕೇಳಿದರೆ ಧಾರಾಳವಾಗಿ ಇಡಿ. ನಾದಿನಿಗೆ ಸಮಾಧಾನವಾಗದಿದ್ದರೆ ಟೆರೆನ್ಸ್‌ನ ನಾಟಕದ ಕತೆ ಹೇಳಿ.

ಕರೆಯಲು ಉದ್ದವಾಯಿತು ಅನಿಸಿದರೆ ಮೀನಾ ಅನ್ನಿ, ಫಿಲ್ಲು ಅನ್ನಿ. ದಾಖಲೆಗಳಲ್ಲಿ ಮಾತ್ರ ಹುಷಾರು. ಫಿಲೋಮಿನಾ, ಫಿಲೋಮೆನಾ, ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಚರ್ಚಿನ ರಿಜಿಸ್ಟರಿನಲ್ಲಿ ಬರೆಸುವ ಮೊದಲು ಜನನ ಪ್ರಮಾಣಪತ್ರ ಕೈಯಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಪಾಸ್‌ಪೋರ್ಟ್ ಮಾಡಿಸುವಾಗ ಓಡಾಟ ತಪ್ಪುತ್ತದೆ.