ಬಾಡಿಗೆಯೇ ಕಂತು ಕಟ್ಟುತ್ತದೆಂದು ನಂಬಿ ಎರಡನೆಯ ಫ್ಲಾಟಿಗೆ ಸಾಲ ಮಾಡಬಹುದೇ?

ಮೊದಲ ಫ್ಲಾಟಿನ ಸಾಲ ಇರುವಾಗಲೇ, ಉಳಿತಾಯದ ಹಣಕ್ಕೆ ಬಾಡಿಗೆದಾರರ ಅಡ್ವಾನ್ಸ್ ಸೇರಿಸಿ ಎರಡನೆಯದನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. 2023ರ ಏಪ್ರಿಲ್‌ನಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ.

2021ರ ಜೂನ್‌ನಲ್ಲಿ, ಬಾಡಿಗೆಗೆ ಕೊಡಲೆಂದೇ ಕೆಂಗೇರಿ ಬಳಿ ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡೆ. ಸಾಲ 40 ಲಕ್ಷ, ಬಡ್ಡಿ ಶೇ 6.9, ಅವಧಿ 15 ವರ್ಷ, ಅಂದರೆ 180 ಕಂತುಗಳು. ತಿಂಗಳ ಕಂತು 35,730 ರೂಪಾಯಿ. ಮೇಂಟೆನೆನ್ಸ್ ಕಳೆದು ಬಾಡಿಗೆಯಿಂದ ಕೈಗೆ ಬರುತ್ತಿದ್ದುದು 16,000. ಉಳಿದದ್ದನ್ನು ಸಂಬಳದಿಂದ ತುಂಬುತ್ತಿದ್ದೆ.

ಖಾತೆಯಿಂದ ಕಡಿತವಾಗುವ ಮೊತ್ತ ಬದಲಾಗಿಲ್ಲವಾದರೆ ಸಾಲವೂ ಬದಲಾಗಿಲ್ಲ ಎಂದು ತಿಳಿದದ್ದೇ ನನ್ನ ತಪ್ಪು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು, ರೆಪೊ ದರಕ್ಕೆ ಹೊಂದಿಕೊಂಡಿದ್ದ ನನ್ನ ಸಾಲದ ಬಡ್ಡಿಯೂ ಅದರ ಜೊತೆಗೇ ಶೇ 9.4ಕ್ಕೆ ಏರಿತು. ಆದರೆ ಬ್ಯಾಂಕಿನವರು ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತ ಹೋದರು. ಪ್ರತಿ ತಿಂಗಳು 5ನೇ ತಾರೀಕು ಮೊಬೈಲಿಗೆ ಬರುತ್ತಿದ್ದ ಸಂದೇಶದಲ್ಲಿ ಅದೇ 35,730 ಇರುತ್ತಿತ್ತು, ನಾನು ಅದನ್ನು ನೋಡಿ ನಿಶ್ಚಿಂತನಾಗುತ್ತಿದ್ದೆ. ಕಂತಿನಲ್ಲಿ ಮೊದಲು ಮುರಿದುಕೊಳ್ಳುವುದು ಬಡ್ಡಿಯನ್ನು, ಅಸಲಿಗೆ ಸಲ್ಲುವುದು ಮಿಕ್ಕಿದ್ದು ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ; ಬಡ್ಡಿ ಏರಿದಾಗ ಅದು ನುಂಗುವುದು ಅಸಲಿನ ಪಾಲನ್ನೇ ಎಂದು ಒಮ್ಮೆಯೂ ಕೂತು ಯೋಚಿಸಿರಲಿಲ್ಲ. ಎರಡನೆಯ ಸಾಲಕ್ಕಾಗಿ ಹಳೆಯ ಸಾಲದ ಸ್ಟೇಟ್‌ಮೆಂಟ್ ಕೇಳಿದಾಗಲೇ ಅದನ್ನು ಮೊದಲ ಬಾರಿಗೆ ತೆರೆದದ್ದು. ಮೊದಲ ಕಂತಿನ ಸಾಲಿನಲ್ಲಿ ಬಡ್ಡಿ 23,000, ಅಸಲು 12,730 ಎಂದಿತ್ತು. ಕೊನೆಯ ಸಾಲಿನಲ್ಲಿ ಅಸಲಿಗೆ ಸಂದದ್ದು ಆರು ಸಾವಿರ ಚಿಲ್ಲರೆ. 21 ಕಂತುಗಳಲ್ಲಿ ಏಳೂವರೆ ಲಕ್ಷ ಕಟ್ಟಿದ್ದರೂ ಅಸಲು ಇಳಿದದ್ದು ಎರಡು ಲಕ್ಷದ ಮೂವತ್ತು ಸಾವಿರದಷ್ಟೇ. ಬಾಕಿ ಕಂತುಗಳು: 224. ಸಾಲ ಪಡೆದ ದಿನ ಇದ್ದದ್ದು 180! ಅಂದು ರಾತ್ರಿ ಆ ಹಾಳೆಯನ್ನು ನನ್ನ ಹೆಂಡತಿಗೆ ತೋರಿಸಲು ನನಗೆ ಧೈರ್ಯವಾಗಲಿಲ್ಲ.

ಈ ಅವಧಿಯುದ್ದಕ್ಕೂ ಎರಡನೆಯ ಫ್ಲಾಟಿಗೆಂದು ತೆಗೆದಿಟ್ಟ 4 ಲಕ್ಷ ರೂಪಾಯಿ ಠೇವಣಿಯಲ್ಲಿ ಸುಮ್ಮನೆ ಕೂತಿತ್ತು. ಮರುವಾರ ಅದನ್ನು ಮುರಿಸಿ ಅಸಲಿಗೆ ಕಟ್ಟಿದೆ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡವಿಲ್ಲ. ಬಾಕಿ ಕಂತುಗಳು 172ಕ್ಕೆ ಇಳಿದವು. ನಾಲ್ಕು ಲಕ್ಷಕ್ಕೆ 52 ಕಂತು ಕಡಿಮೆಯಾಯಿತೆಂದರೆ, ಅದೇ ಹಣವನ್ನು ವರ್ಷದ ಹಿಂದೆ ಕಟ್ಟಿದ್ದರೆ ಎಷ್ಟು ಉಳಿಯುತ್ತಿತ್ತೆಂದು ಇಂದಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಬಾಡಿಗೆ ಕಂತು ಕಟ್ಟುವುದಿಲ್ಲ. ನನ್ನ ಬಾಡಿಗೆ ಬಡ್ಡಿಗೂ ಸಾಲುತ್ತಿರಲಿಲ್ಲ. ಮನೆ ಖಾಲಿಯಾದ ಎರಡು ತಿಂಗಳು, ಸುಣ್ಣಬಣ್ಣದ ಖರ್ಚು ಬೇರೆ. ಅಡ್ವಾನ್ಸ್ ನಿಮ್ಮ ಹಣವಲ್ಲ, ಬಾಡಿಗೆದಾರರು ಬಿಟ್ಟುಹೋಗುವ ದಿನ ಎಣಿಸಿ ಕೊಡಬೇಕಾದದ್ದು. ಅದನ್ನು ದಯವಿಟ್ಟು ಮುಟ್ಟಬೇಡಿ. ತೆರಿಗೆ ಉಳಿಯುತ್ತದೆಂದು ಸಾಲ ಇಟ್ಟುಕೊಳ್ಳುವ ಮಾತೂ ಬೇಡ: ಬಾಡಿಗೆಗೆ ಕೊಟ್ಟ ಮನೆಯಲ್ಲಿ ಬಾಡಿಗೆಗಿಂತ ಬಡ್ಡಿ ಹೆಚ್ಚಾಗಿ ಆಗುವ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಮಿತಿಯಿದೆ, ಹೊಸ ಪದ್ಧತಿಯಲ್ಲಿ ಅವಕಾಶವೇ ಇಲ್ಲ.

ಮೊದಲು ನಿಮ್ಮ ಸ್ಟೇಟ್‌ಮೆಂಟ್ ತರಿಸಿ, ಬಾಕಿ ಕಂತುಗಳ ಸಂಖ್ಯೆ ನೋಡಿ. ಬಡ್ಡಿ ಏರಿದಾಗ ಕಂತು ಹೆಚ್ಚಿಸಬೇಕೇ ಅವಧಿ ಹಿಗ್ಗಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ನೀವು ಕಂತು ಹೆಚ್ಚಿಸಿ ಎಂದು ಬರೆದು ಕೊಡಿ. 2025ರಲ್ಲಿ ರೆಪೊ ದರ ಇಳಿದಾಗ ನಾನು ಕಂತನ್ನು ಇಳಿಸಲು ಬಿಡಲಿಲ್ಲ, ಆ ವ್ಯತ್ಯಾಸವೆಲ್ಲ ಅಸಲಿಗೇ ಹೋಗುತ್ತಿದೆ. ಎರಡನೆಯ ಫ್ಲಾಟನ್ನು ನಾನು ಕೊಳ್ಳಲಿಲ್ಲ.