ಕೆಂಪು ಮುಚ್ಚಳದ ಸಿರಿಂಜ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಕಷ್ಟ ಹೇಳಿಕೊಳ್ಳಲು ಬಂದವಳು ಶಿರಸಿ ಕಡೆಯ ಹುಡುಗಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಕಾರವಾರದ ಒಂದು ಆಸ್ಪತ್ರೆಗೆ ಸೇರಿ ಮೂರು ತಿಂಗಳು. ಡ್ಯೂಟಿಗೆ ಹೊರಡುವಾಗ ವಾಂತಿ ಬರುತ್ತದೆ, ರಾತ್ರಿ ನಿದ್ದೆ ಇಲ್ಲ. “ಆಯಿ (ಅಮ್ಮ) ಹತ್ರ ಹೇಳಿಲ್ಲ ಮೇಡಂ. ಸಾಲ ಮಾಡಿ ಓದಿಸಿದಾರೆ. ನಂಗೆ ಈ ಕೆಲಸ ಆಗೂದಿಲ್ಲ” ಎಂದಳು.

ಸುಮ್ನೆ ಕೇಳುತ್ತಾ ಕೂತೆ. ನಿಜವಾದ ವಿಷಯ ಆಮೇಲೆ ಬಂತು. ಒಂದು ಸಂಜೆ ಅವಳ ಕೈಯಲ್ಲಿ ಮಿಲಿಲೀಟರಿಗೆ 100 ಯೂನಿಟ್‌ನ ಇನ್ಸುಲಿನ್ ಬಾಟಲಿ ಇತ್ತು. ಟ್ರೇಯಲ್ಲಿ ಸಿಕ್ಕಿದ್ದು ಕೆಂಪು ಮುಚ್ಚಳದ ಸಿರಿಂಜ್. ಅದು ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗೆ ಮಾಡಿದ್ದು. ಅದರಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 20 ಅಲ್ಲ, 50 ಯೂನಿಟ್! ಚುಚ್ಚುವ ಮೊದಲೇ ಹಿರಿಯ ಸಿಸ್ಟರ್ ಕೈ ಹಿಡಿದರು. ರೋಗಿಗೆ ಏನೂ ಆಗಲಿಲ್ಲ. “ಇಷ್ಟೂ ಗೊತ್ತಿಲ್ವಾ?” ಎಂಬ ಮಾತು ಮಾತ್ರ ಇವಳ ಎದೆಯಲ್ಲೇ ಉಳಿಯಿತು.

ಇದರ ಮೇಲೆ ಭಾಷೆಯ ತೊಂದರೆ. ವಾರ್ಡಿನ ಅಜ್ಜಿಯರು ನೋವು ಹೇಳುವುದು ಕೊಂಕಣಿಯಲ್ಲಿ. ಘಟ್ಟದ ಮೇಲಿನ ಇವಳಿಗೆ ಅರ್ಧವೂ ತಿಳಿಯುವುದಿಲ್ಲ.

ನಾನು ಹೇಳಿದ್ದು ಇಷ್ಟು. ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ಕಾಣುವುದಕ್ಕೂ ನಡುವಿನ ಈ ಹೊಡೆತವನ್ನು 1974ರಲ್ಲೇ ಅಮೆರಿಕದ ನರ್ಸಿಂಗ್ ಅಧ್ಯಾಪಕಿ ಮಾರ್ಲೀನ್ ಕ್ರೇಮರ್ ‘ರಿಯಾಲಿಟಿ ಶಾಕ್’ ಎಂದು ಕರೆದಿದ್ದರು. ನಿನಗೊಬ್ಬಳಿಗೇ ಬಂದದ್ದಲ್ಲ. ಎರಡು ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿದ್ದರೆ ಹತ್ತು ವರ್ಷದ ಅನುಭವಿಯೂ ಎಡವಬಹುದು. ಹಾಗಾಗಿ ಮುಚ್ಚಿಡಬೇಡ. ಇನ್‌ಚಾರ್ಜ್ ಸಿಸ್ಟರ್‌ಗೆ ನೀನೇ ನಡೆದದ್ದನ್ನು ಬರೆದುಕೊಡು, ಟ್ರೇ ಬೇರೆ ಮಾಡಲು ಕೇಳು. ಇನ್ಸುಲಿನ್, ಪೊಟ್ಯಾಸಿಯಂನಂಥ ಅಳತೆ ತಪ್ಪಿದರೆ ಅಪಾಯವಾಗುವ ಔಷಧ ಕೊಡುವಾಗ ಇನ್ನೊಬ್ಬರಿಗೆ ತೋರಿಸದೆ ಮುಂದುವರಿಯಬೇಡ. “ನೋಡಿ ಕೊಡ್ತೀರಾ ಅಕ್ಕ?” ಎಂದು ಕೇಳುವುದು ನಾಚಿಕೆಯಲ್ಲ, ಅದೂ ಡ್ಯೂಟಿಯೇ. ಡಾಕ್ಟರಿಗೆ ಫೋನ್ ಮಾಡುವ ಮೊದಲು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೋ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೇನು ಅನಿಸುತ್ತದೆ, ಏನು ಬೇಕು. ಜತೆಯ ಆಯಾ ಹತ್ರ ದಿನಕ್ಕೆರಡು ಕೊಂಕಣಿ ಮಾತು ಕಲಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, 14416. ಕನ್ನಡದಲ್ಲೇ ಮಾತಾಡುತ್ತಾರೆ. ಆಯಿಗೂ ಹೇಳು. ಸಾಲ ಮಾಡಿದ ಆಯಿಗೆ ಮಗಳು ಒಳಗೊಳಗೇ ಸೊರಗುವುದು ಬೇಕಾಗಿಲ್ಲ, ಅಲ್ವಾ?

ಮೂರು ವಾರದ ನಂತರ ಬಂದಳು. ಟ್ರೇ ಬೇರೆಯಾಗಿದೆ. ಆಯಿ ಬಂದು ಎರಡು ದಿನ ಇದ್ದು ಹೋಗಿದ್ದಾರೆ. ವಾಂತಿ ನಿಂತಿದೆ, ನಿದ್ದೆ ಇನ್ನೂ ಸರಿಯಾಗಿಲ್ಲ. ನೈಟ್ ಡ್ಯೂಟಿ ಮುಗಿದ ಮೇಲೆ ಮತ್ತೆ ಬರಲು ಹೇಳಿದ್ದೇನೆ.