ಸಂಪಾದಕರ ಉತ್ತರ: ಹಿಂದಿಕ್ಕುವವರ ಹೊಣೆ

ಮಾನ್ಯರೇ,

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಬಾರಿ ಓದಿದೆ. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಅದರ ಸಾರವನ್ನು ಮೊದಲು ಹೇಳುತ್ತೇನೆ. ನಿಮ್ಮ ಮೂರನೆಯ ಟ್ರ್ಯಾಕ್ ಡೇ ಅದು, ಅಂದರೆ ಹಣ ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ಬೈಕು ಓಡಿಸಿ ಕಲಿಯುವ ದಿನ. ಮಧ್ಯಮ ಗುಂಪಿನ ಎರಡನೆಯ ಸೆಷನ್ನಿನಲ್ಲಿ, ಉದ್ದನೆಯ ಬಲ ತಿರುವಿನ ನಡುವೆ ನೀವು ಬೈಕನ್ನು ಬಾಗಿಸಿಕೊಂಡು ಹೋಗುತ್ತಿದ್ದಾಗ ಇನ್ನೊಬ್ಬ ಸವಾರರು ಒಳಬದಿಯಿಂದ ನುಗ್ಗಿ, ನಿಮ್ಮ ಮೊಣಕೈಗೆ ಒಂದು ಗೇಣು ದೂರದಲ್ಲಿ ಹಾದುಹೋದರು. ನೀವು ಬೆಚ್ಚಿ ಥ್ರಾಟಲ್ (ಎಕ್ಸಲರೇಟರ್) ಮುಚ್ಚಿದಿರಿ, ಮುಂದಿನ ಚಕ್ರದ ಬ್ರೇಕ್ ಹಿಡಿದಿರಿ. ಬೈಕು ನೆಟ್ಟಗಾಗಿ, ಟ್ರ್ಯಾಕಿನಿಂದ ಹೊರಗೆ ಹೋಗಿ ಜಲ್ಲಿಯಲ್ಲಿ ಬಿತ್ತು. ನಿಮ್ಮ ಎಡ ಮಣಿಕಟ್ಟಿನ ಮೂಳೆ ಮುರಿಯಿತು. ಆಮೇಲೆ ಪಿಟ್ಟಿನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಬೈಕುಗಳು ನಿಲ್ಲುವ ಜಾಗದಲ್ಲಿ, ಆ ಸವಾರರನ್ನು ಕೇಳಿದಾಗ, "ನಾನು ನಿಮ್ಮನ್ನು ಮುಟ್ಟಲೇ ಇಲ್ಲವಲ್ಲ, ನಿಧಾನವಾಗಿ ಓಡಿಸುವವರು ನಿಧಾನದ ಗುಂಪಿನಲ್ಲಿರಬೇಕು" ಎಂಬ ಉತ್ತರ ಬಂತು. ತಪ್ಪು ಯಾರದು, ಹಿಂದಿರುಗಿ ನೋಡಿ ದಾರಿ ಬಿಡಬೇಕಿತ್ತೇ, ಮತ್ತೆ ಟ್ರ್ಯಾಕಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ನಮ್ಮ ಪತ್ರಿಕೆಯ ಮೇಲೂ ಒಂದು ಆಕ್ಷೇಪವಿದೆ. ಅದಕ್ಕೂ ಬರುತ್ತೇನೆ.

ಮೊದಲ ಪ್ರಶ್ನೆಗೆ ಸುತ್ತಿಬಳಸದೆ ಉತ್ತರಿಸುತ್ತೇನೆ. ಟ್ರ್ಯಾಕ್ ಡೇಯಲ್ಲಿ ಹಿಂದಿಕ್ಕುವ ಹೊಣೆ ಪೂರ್ತಿಯಾಗಿ ಹಿಂದಿಕ್ಕುವವರದು. ಇದು ಸೌಜನ್ಯಕ್ಕಾಗಿ ಮಾಡಿಕೊಂಡ ಏರ್ಪಾಡಲ್ಲ, ಕಣ್ಣಿಗೆ ಸಂಬಂಧಿಸಿದ ಸರಳ ಸಂಗತಿ. ಹಿಂದಿನಿಂದ ಬರುವವರಿಗೆ ಎರಡೂ ಬೈಕುಗಳು, ಅವುಗಳ ನಡುವಿನ ಜಾಗ, ಮುಂದಿನ ತಿರುವು ಎಲ್ಲವೂ ಕಾಣುತ್ತವೆ. ಮುಂದಿರುವವರಿಗೆ ಕಾಣುವುದು ಮುಂದಿನ ದಾರಿ ಮಾತ್ರ. ಟ್ರ್ಯಾಕಿಗೆ ಇಳಿಯುವ ಮೊದಲು ಬೈಕಿನ ಕನ್ನಡಿಗಳನ್ನು ಕಳಚಿಡುವುದು ಅಥವಾ ಟೇಪು ಸುತ್ತಿ ಮುಚ್ಚುವುದು ರೂಢಿ. ಬಿದ್ದಾಗ ಗಾಜು ಚದುರಬಾರದೆಂಬುದು ಒಂದು ಕಾರಣ, ಸವಾರರ ಗಮನ ಹಿಂದಕ್ಕೆ ಹೋಗಬಾರದೆಂಬುದು ಇನ್ನೊಂದು. ಹಿಂದೆ ನೋಡಬೇಡಿ ಎಂದು ನಾವೇ ಕನ್ನಡಿ ಮುಚ್ಚಿಸಿ, ಆಮೇಲೆ ಹಿಂದಿನಿಂದ ಬಂದವರನ್ನು ಏಕೆ ಗಮನಿಸಲಿಲ್ಲ ಎಂದು ಕೇಳುವುದು ನ್ಯಾಯವಲ್ಲ.

"ಮುಟ್ಟಲೇ ಇಲ್ಲ" ಎಂಬ ಮಾತನ್ನು ನಾನು ಅನೇಕ ಪಿಟ್ಟುಗಳಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಬೇಸರವಾಗಿದೆ. ಬಾಗಿದ ಬೈಕನ್ನು ಬೀಳಿಸಲು ಮುಟ್ಟಲೇಬೇಕೆಂದಿಲ್ಲ. 45 ಡಿಗ್ರಿಯಷ್ಟು ಬಾಗಿ ತಿರುಗುತ್ತಿರುವ ಬೈಕಿನ ಟೈರುಗಳ ಮೇಲೆ ಬೀಳುವ ಅಡ್ಡಬಲ ಹೆಚ್ಚುಕಡಿಮೆ ಬೈಕು ಮತ್ತು ಸವಾರರ ಒಟ್ಟು ತೂಕದಷ್ಟೇ ಇರುತ್ತದೆ. ಟೈರಿನ ಹಿಡಿತದ ಬಹುಪಾಲು ಆ ಅಡ್ಡಬಲಕ್ಕೇ ಖರ್ಚಾಗಿರುತ್ತದೆ. ಬ್ರೇಕಿಗೆ ಉಳಿಯುವುದು ಅತ್ಯಲ್ಪ. ಆ ಗಳಿಗೆಯಲ್ಲಿ ಪಕ್ಕದಿಂದ ಏಕಾಏಕಿ ಒಂದು ಬೈಕು ಹಾದುಹೋದರೆ, ಅನುಭವ ಕಡಿಮೆಯಿರುವ ಸವಾರರ ದೇಹ ತನ್ನಷ್ಟಕ್ಕೆ ತಾನೇ ಮೂರು ಕೆಲಸ ಮಾಡುತ್ತದೆ. ಥ್ರಾಟಲ್ ಮುಚ್ಚುತ್ತದೆ, ತೋಳುಗಳು ಬಿಗಿಯುತ್ತವೆ, ಕಣ್ಣು ತಿರುವಿನ ದಾರಿಯನ್ನು ಬಿಟ್ಟು ಹಾದುಹೋದ ಬೈಕಿಗೆ ಅಂಟಿಕೊಳ್ಳುತ್ತದೆ. ಥ್ರಾಟಲ್ ಮುಚ್ಚಿದೊಡನೆ ತೂಕ ಮುಂದಿನ ಟೈರಿಗೆ ಬೀಳುತ್ತದೆ. ಮೇಲೆ ಬ್ರೇಕೂ ಸೇರಿದರೆ ಒಂದೋ ಆ ಟೈರು ಜಾರುತ್ತದೆ, ಇಲ್ಲವೇ ಬೈಕು ಎದ್ದು ನಿಂತು ನೇರವಾಗಿ ಹೊರಗೆ ಓಡುತ್ತದೆ. ನಿಮಗೆ ಆದದ್ದು ಎರಡನೆಯದು. ಗಂಟೆಗೆ 90 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಬೆಚ್ಚಿಬಿದ್ದು ಸಾವರಿಸಿಕೊಳ್ಳಲು ಒಂದೇ ಸೆಕೆಂಡ್ ಬೇಕಾದರೂ ಅಷ್ಟರಲ್ಲಿ ಟ್ರ್ಯಾಕಿನ ಅಗಲ ಮುಗಿದುಹೋಗಿರುತ್ತದೆ.

ಆದ್ದರಿಂದ ಮುಟ್ಟಿದರೋ ಇಲ್ಲವೋ ಎಂಬ ಅಳತೆಗೋಲನ್ನು ಬದಿಗಿಟ್ಟು ಬೇರೊಂದನ್ನು ಹಿಡಿಯಬೇಕೆಂದು ನನ್ನ ಅಭಿಪ್ರಾಯ: ನೀವು ಹಾದುಹೋದ ಮೇಲೆ ಹಿಂದುಳಿದ ಸವಾರರು ತಮ್ಮ ದಾರಿಯನ್ನಾಗಲಿ ವೇಗವನ್ನಾಗಲಿ ಬದಲಿಸಬೇಕಾಗಿ ಬಂದಿದ್ದರೆ, ಆ ಓವರ್‌ಟೇಕ್ ಸರಿಯಾಗಿ ಆಗಲಿಲ್ಲ. ಇದು ಕಟ್ಟುನಿಟ್ಟಾಯಿತೆಂದು ಕೆಲವರು ಹೇಳಬಹುದು. ರೇಸಿನಲ್ಲಾದರೆ ಇದು ಅತಿ ಕಟ್ಟುನಿಟ್ಟೇ ಹೌದು, ಅಲ್ಲಿ ಜಾಗಕ್ಕಾಗಿಯೇ ಪೈಪೋಟಿ, ಅದಕ್ಕೆ ಒಪ್ಪಿ ಸಾಲಿನಲ್ಲಿ ನಿಂತವರು ಎಲ್ಲರೂ. ಟ್ರ್ಯಾಕ್ ಡೇಯಲ್ಲಿ ಸ್ಥಾನಗಳಿಲ್ಲ, ಬಹುಮಾನವಿಲ್ಲ. ಹಣ ಕಟ್ಟಿ ಕಲಿಯಲು ಬಂದವರ ನಡುವೆ ಒಬ್ಬರ ಸಂತೋಷಕ್ಕೆ ಇನ್ನೊಬ್ಬರ ಮೂಳೆ ಬೆಲೆಯಾಗಬಾರದು.

ಈ ಅಳತೆಗೋಲು ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಹಲವು ವರ್ಷಗಳ ಹಿಂದೆ, ನನ್ನ ಕೈ ಸ್ವಲ್ಪ ಪಳಗಿದೆ ಎಂದು ನನಗನ್ನಿಸತೊಡಗಿದ್ದ ದಿನಗಳಲ್ಲಿ, ತಿರುವಿನ ಹೊರಬದಿಯಿಂದ ಒಬ್ಬ ಹಿರಿಯ ಸವಾರರನ್ನು ಹಿಂದಿಕ್ಕಿದ್ದೆ. ನನ್ನ ಲೆಕ್ಕದಲ್ಲಿ ಅದು ಬಲು ಅಚ್ಚುಕಟ್ಟಾದ ಓವರ್‌ಟೇಕ್. ಸಂಜೆ ಅವರು ನನ್ನನ್ನು ಕರೆದು, ಸಿಟ್ಟಿಲ್ಲದೆ, ತಮ್ಮ ಬೈಕಿನ ಕ್ಯಾಮೆರಾದಲ್ಲಿದ್ದ ವಿಡಿಯೊ ತೋರಿಸಿದರು. ನನ್ನ ಬೈಕು ಎಡದಿಂದ ಚೌಕಟ್ಟಿನೊಳಗೆ ಬರುತ್ತದೆ, ಅವರ ಮುಂದಿನ ಚಕ್ರಕ್ಕೆ ಸರಿಯಾಗಿ ಅಡ್ಡಬಂದು ದಾರಿ ಹಿಡಿಯುತ್ತದೆ, ನನ್ನ ಹಿಂದಿನ ಟೈರಿನ ಮೇಲಿನ ಧೂಳು ಲೆಕ್ಕ ಹಾಕಬಹುದಾದಷ್ಟು ಹತ್ತಿರ ಕಾಣುತ್ತದೆ. ಅದಾದೊಡನೆ ಎಂಜಿನ್ನಿನ ಸದ್ದು ಒಮ್ಮೆಲೇ ಇಳಿಯುತ್ತದೆ. ಅವರು ಥ್ರಾಟಲ್ ಬಿಟ್ಟ ಸದ್ದು ಅದು. "ಇಲ್ಲಿ ಕೇಳಿ" ಎಂದು ಆ ಭಾಗವನ್ನು ಮತ್ತೊಮ್ಮೆ ಹಾಕಿದರು, ಬೇರೇನೂ ಹೇಳಲಿಲ್ಲ. ನಾನು ಕ್ಷಮೆ ಕೇಳಿದೆ. ಅಂದಿನಿಂದ ಯಾರನ್ನೇ ಹಿಂದಿಕ್ಕುವಾಗಲೂ ಆ ಸದ್ದು ಇಳಿಯದಂತೆ ಹೋಗಲು ಸಾಧ್ಯವೇ ಎಂದು ಮೊದಲು ಕೇಳಿಕೊಳ್ಳುತ್ತೇನೆ, ಸಾಧ್ಯವಿಲ್ಲವೆನಿಸಿದರೆ ಕಾಯುತ್ತೇನೆ.

ಕಾದರೆ ಕಳೆದುಕೊಳ್ಳುವುದಾದರೂ ಎಷ್ಟು? 20 ನಿಮಿಷದ ಸೆಷನ್ನಿನಲ್ಲಿ 1200 ಸೆಕೆಂಡುಗಳಿವೆ. ಒಬ್ಬ ಸವಾರರ ಹಿಂದೆ ಮುಂದಿನ ನೇರದಾರಿಯವರೆಗೆ ಕಾಯಲು ಹೋಗುವುದು ಅದರಲ್ಲಿ ಐದೋ ಹತ್ತೋ ಸೆಕೆಂಡ್. ಅಷ್ಟೂ ತಾಳ್ಮೆಯಿಲ್ಲದವರು ಪಿಟ್ಟಿನೊಳಗೆ ಹೋಗಿ, ಮುಂದೆ ಜಾಗ ಖಾಲಿಯಾದಾಗ ಮತ್ತೆ ಟ್ರ್ಯಾಕಿಗೆ ಇಳಿಯಬಹುದು. ನುರಿತ ಸವಾರರು ಮಾಡುವುದು ಇದನ್ನೇ.

ಎಲ್ಲಿ ಹಿಂದಿಕ್ಕಬಹುದು ಎಂಬ ನಿಯಮ ಆಯೋಜಕರಿಂದ ಆಯೋಜಕರಿಗೆ ಬದಲಾಗುತ್ತದೆ. ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ನೇರದಾರಿಯಲ್ಲಿ ಮಾತ್ರ, ಮಧ್ಯಮ ಗುಂಪಿನಲ್ಲಿ ತಿರುವಿನ ಹೊರಬದಿಯಿಂದಲೂ ಸಾಕಷ್ಟು ಅಂತರ ಬಿಟ್ಟು ಅವಕಾಶವಿರುತ್ತದೆ; ಎರಡು ಮೀಟರ್ ಅಂತರವನ್ನು ಬಾಯಿಬಿಟ್ಟು ಹೇಳುವ ಆಯೋಜಕರೂ ಇದ್ದಾರೆ. ಒಳಬದಿ ತೆರೆದಿರುವುದು ಹೆಚ್ಚಾಗಿ ಮುಂದುವರಿದವರ ಗುಂಪಿಗೆ ಮಾತ್ರ. ಒಳಬದಿಯ ಬಗ್ಗೆ ಇಷ್ಟು ಕಟ್ಟುಪಾಡು ಏಕೆಂದರೆ, ತಿರುವಿಗೆ ಹೊಕ್ಕ ಪ್ರತಿ ಸವಾರರೂ ಹೊರಗಿನಿಂದ ಏಪೆಕ್ಸಿನ, ಅಂದರೆ ತಿರುವಿನ ಒಳ ಅಂಚಿನ, ಕಡೆಗೆ ಬರುತ್ತಿರುತ್ತಾರೆ. ಖಾಲಿ ಕಾಣುವ ಆ ಒಳಜಾಗ ವಾಸ್ತವದಲ್ಲಿ ಖಾಲಿಯಲ್ಲ, ಮುಂದಿರುವವರು ಇನ್ನೊಂದು ಗಳಿಗೆಯಲ್ಲಿ ತಲುಪಲಿರುವ ಜಾಗ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಹಳೆಯ ಉತ್ತರ ಸುತ್ತು, 20 ಕಿಲೋಮೀಟರಿಗೂ ಉದ್ದದ ದಾರಿ, ಸಾರ್ವಜನಿಕರಿಗೆ ತೆರೆದಿರುವ ದಿನಗಳಲ್ಲಿ ಎಡದಿಂದ ಮಾತ್ರ ಹಿಂದಿಕ್ಕಬೇಕೆಂಬ ನಿಯಮವಿದೆ. ನಿಯಮ ಯಾವುದೇ ಇರಲಿ, ಇನ್ನೊಬ್ಬರು ಯಾವ ಕಡೆಯಿಂದ ಬರಬಹುದೆಂಬುದು ಎಲ್ಲರಿಗೂ ಮೊದಲೇ ತಿಳಿದಿರುವುದು ಮುಖ್ಯ. ನಿಮ್ಮ ಗುಂಪಿನಲ್ಲಿ ಒಳಬದಿಯಿಂದ ಹಿಂದಿಕ್ಕಬಾರದೆಂದು ಬೆಳಗಿನ ಬ್ರೀಫಿಂಗಿನಲ್ಲಿ ಹೇಳಿದ್ದರೆಂದು ನೀವು ಬರೆದಿದ್ದೀರಿ. ಹಾಗಿದ್ದ ಮೇಲೆ ಆ ಸವಾರರು ಮುರಿದದ್ದು ನಿಮ್ಮ ಇಡೀ ಗುಂಪಿಗೆ ಕೊಟ್ಟ ಮಾತನ್ನು.

ಹೆಚ್ಚಿನ ಜಗಳಗಳ ಬೇರು ಎಲ್ಲಿದೆಯೆಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನಿಮ್ಮದು ದೊಡ್ಡ ಎಂಜಿನ್ನಿನ ಬೈಕು, ಅವರದು ಚಿಕ್ಕದು. ಶಕ್ತಿಶಾಲಿ ಬೈಕು ನೇರದಾರಿಯಲ್ಲಿ ದೂರ ಓಡಿಹೋಗುತ್ತದೆ, ತಿರುವಿನಲ್ಲಿ ನಿಧಾನವಾಗುತ್ತದೆ. ಹಗುರ ಬೈಕಿನವರು ತಿರುವಿನಲ್ಲಿ ಬಂದು ಸೇರುತ್ತಾರೆ, ಹಿಂದಿಕ್ಕಲು ಜಾಗ ಸಿಗುವ ಹೊತ್ತಿಗೆ ಮತ್ತೆ ಹಿಂದುಳಿಯುತ್ತಾರೆ. ಸುತ್ತಿನ ಮೇಲೆ ಸುತ್ತು ಹೀಗೇ ಆದರೆ ಯಾರಿಗಾದರೂ ತಲೆ ಬಿಸಿಯಾಗುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ, ಚಿಕ್ಕ ಬೈಕಿನಲ್ಲಿ ನಾನೂ ಅದನ್ನು ಅನುಭವಿಸಿದ್ದೇನೆ. ಆದರೂ ಅದು ಒಳಬದಿಗೆ ನುಗ್ಗಲು ಕೊಟ್ಟ ಪರವಾನಗಿಯಲ್ಲ. ಇಂಥ ಕಡೆ ದೊಡ್ಡ ಬೈಕಿನವರು ಮಾಡಬಹುದಾದ ಒಂದು ದೊಡ್ಡ ಉಪಕಾರವಿದೆ. ಒಬ್ಬರೇ ಪ್ರತಿ ತಿರುವಿನಲ್ಲೂ ಹಿಂದೆ ಬಂದು ಸೇರುತ್ತಿದ್ದಾರೆಂದು ಸದ್ದಿನಿಂದ ತಿಳಿದಾಗ, ನೇರದಾರಿಯಲ್ಲಿ ತಮ್ಮ ದಾರಿ ಬಿಡದೆ, ಥ್ರಾಟಲನ್ನು ಪೂರ್ತಿ ತೆರೆಯದೆ ಹೋದರೆ ಸಾಕು, ಅವರು ಹಾದುಹೋಗುತ್ತಾರೆ.

ಇಲ್ಲಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಿಂದಿರುಗಿ ನೋಡಬೇಕಿರಲಿಲ್ಲ, ಪಕ್ಕಕ್ಕೆ ಸರಿಯಲೂ ಬೇಕಿರಲಿಲ್ಲ. ತಲೆ ತಿರುಗಿಸಿದರೆ ಭುಜ ತಿರುಗುತ್ತದೆ, ಭುಜದ ಜೊತೆ ಹ್ಯಾಂಡಲ್ ತಿರುಗುತ್ತದೆ. ದಾರಿ ಬಿಡೋಣವೆಂದು ನೀವು ಸರಿದ ಕಡೆಗೇ ಹಿಂದಿನವರೂ ಬರುತ್ತಿರಬಹುದು. ಕೈಬೀಸಿ "ಹೋಗಿ" ಎನ್ನುವುದೂ ಬೇಡ. ನಿಮ್ಮ ಹೊಣೆ ಒಂದೇ: ನೀವು ಮುಂದೆ ಎಲ್ಲಿರುತ್ತೀರೆಂದು ಹಿಂದಿನವರು ಊಹಿಸಬಲ್ಲಂತೆ, ಸುತ್ತಿನಿಂದ ಸುತ್ತಿಗೆ ಒಂದೇ ದಾರಿಯಲ್ಲಿ, ಒಂದೇ ಜಾಗದಲ್ಲಿ ಬ್ರೇಕ್ ಹಿಡಿದು ಓಡಿಸುವುದು. ಪಿಟ್ಟಿಗೆ ಹೋಗುವುದಿದ್ದರೆ ಸಾಕಷ್ಟು ಮೊದಲೇ ಕೈಯೆತ್ತಿ ಅಥವಾ ಕಾಲು ಚಾಚಿ ಸೂಚಿಸಬೇಕು. ಪಿಟ್ಟಿನಿಂದ ಹೊರಬರುವಾಗ ವೇಗ ಕೂಡುವವರೆಗೆ ರೇಸಿಂಗ್ ಲೈನಿಗೆ, ಅಂದರೆ ವೇಗವಾಗಿ ಬರುವವರು ಹಿಡಿಯುವ ದಾರಿಗೆ, ಅಡ್ಡ ಹೋಗಬಾರದು. ಇವೆರಡನ್ನೂ ಮಾಡಿದ್ದೀರೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ.

ನಿಮಗೆ ಹಿತವಾಗದಿರಬಹುದಾದ ಒಂದು ಮಾತನ್ನೂ ಹೇಳಲೇಬೇಕು. ತಪ್ಪು ಅವರದಾದರೂ, ನಿಮ್ಮ ಕೈ ಮುಂದಿನ ಬ್ರೇಕಿಗೆ ಹೋದದ್ದು ಇನ್ನೂ ಪಳಗಬೇಕಾದ ಅಭ್ಯಾಸವನ್ನು ತೋರಿಸುತ್ತದೆ. ಎಷ್ಟೇ ನಿಯಮವಿದ್ದರೂ ಒಂದಲ್ಲ ಒಂದು ದಿನ ಯಾರೋ ಹತ್ತಿರದಿಂದ ಹೋಗಿಯೇ ಹೋಗುತ್ತಾರೆ. ಆಗ ಥ್ರಾಟಲ್ ಇದ್ದಲ್ಲೇ ಇರಬೇಕು, ಮೊಣಕೈ ಸಡಿಲವಾಗಿರಬೇಕು, ಕಣ್ಣು ತಿರುವಿನ ಕೊನೆಯಲ್ಲಿರಬೇಕು. ಇದು ಉಪದೇಶದಿಂದ ಬರುವುದಿಲ್ಲ. ತರಬೇತುದಾರರೊಬ್ಬರಿಗೆ ಹೇಳಿ, ನಿಮಗೆ ಮೊದಲೇ ತಿಳಿಸಿ, ಮೊದಲು ನಾಲ್ಕು ಮೀಟರ್, ಆಮೇಲೆ ಮೂರು ಮೀಟರ್ ದೂರದಿಂದ ಹಾದುಹೋಗುವಂತೆ ಕೇಳಿಕೊಳ್ಳಿ. ದೇಹಕ್ಕೆ ಆ ಸದ್ದೂ ಆ ನೆರಳೂ ಪರಿಚಯವಾದ ಮೇಲೆ ಬೆಚ್ಚುವುದು ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಒಂದು ಗುಂಪು ಕೆಳಗೆ ಓಡಿಸುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಮಣಿಕಟ್ಟು ಪೂರ್ತಿ ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆ ಖಂಡಿತ ಹೋಗಿ.

ನೀವು ಬಿದ್ದ ಕೂಡಲೇ ಎದ್ದು ಬೈಕಿನ ಕಡೆಗೆ ಓಡಿದಿರೆಂದು ಓದಿ ನನಗೆ ಎದೆ ಝಲ್ಲೆಂದಿತು. ದಯವಿಟ್ಟು ಇನ್ನೆಂದೂ ಹಾಗೆ ಮಾಡಬೇಡಿ. 2010ರಲ್ಲಿ ಇಟಲಿಯ ಮಿಸಾನೊದಲ್ಲಿ ಶೋಯಾ ತೊಮಿಜಾವಾ, 2011ರಲ್ಲಿ ಮಲೇಷ್ಯಾದ ಸೆಪಾಂಗಿನಲ್ಲಿ ಮಾರ್ಕೊ ಸಿಮೊಂಚೆಲ್ಲಿ ತೀರಿಕೊಂಡದ್ದು, ರೇಸಿನ ನಡುವೆ ಬಿದ್ದಾಗ ಹಿಂದಿನಿಂದ ಬರುತ್ತಿದ್ದ ಬೈಕುಗಳು ಬಡಿದು. ಅವರಿಬ್ಬರೂ ಜಗತ್ತಿನ ಅತಿ ನುರಿತ ಸವಾರರ ಸಾಲಿನವರು, ಹಿಂದಿದ್ದವರೂ ಅಷ್ಟೇ ನುರಿತವರು, ಆದರೂ ತಪ್ಪಿಸಲು ಸಮಯವಿರಲಿಲ್ಲ. ಒಂದೇ ತಿರುವಿನಲ್ಲಿ ಇಬ್ಬರು ಒತ್ತೊತ್ತಾಗಿ ಹೋದಾಗ ಒಬ್ಬರು ಬಿದ್ದರೆ ಮೂರನೆಯವರಿಗೂ ಅಪಾಯ. ಮುಂದೆ ಅಪಾಯವಿದೆಯೆಂದು ಸೂಚಿಸುವ ಹಳದಿ ಬಾವುಟ ಕಂಡಲ್ಲಿ ಹಿಂದಿಕ್ಕಲೇಬಾರದೆಂಬ ನಿಯಮ ಇದಕ್ಕಾಗಿಯೇ ಇರುವುದು, ಅದರಲ್ಲಿ ಯಾವ ಗುಂಪಿಗೂ ರಿಯಾಯಿತಿಯಿಲ್ಲ. ಬಿದ್ದವರು ದೇಹ ಜಾರುವುದು ಪೂರ್ತಿ ನಿಂತ ಮೇಲೆ, ಬರುವವರನ್ನು ನೋಡಿಕೊಂಡು, ಬೈಕನ್ನು ಅಲ್ಲೇ ಬಿಟ್ಟು ತಡೆಗೋಡೆಯ ಆಚೆಗೆ ಹೋಗಬೇಕು. ಬೈಕು ಎತ್ತಲು ಮಾರ್ಷಲ್‌ಗಳು, ಅಂದರೆ ಟ್ರ್ಯಾಕಿನ ಸಿಬ್ಬಂದಿ, ಇದ್ದಾರೆ. ನಿಮ್ಮ ಲೆದರ್ ಸೂಟು, ಬೆನ್ನಿನ ರಕ್ಷೆ ಸರಿಯಾಗಿಯೇ ಕೆಲಸ ಮಾಡಿವೆ. ಮೈಮೇಲೆ ತೊಡುವ ಏರ್‌ಬ್ಯಾಗ್ ಬೇಕೇ ಎಂದು ಕೇಳಿದ್ದೀರಿ, ಕೈಗೆಟುಕುವುದಾದರೆ ಕೊಳ್ಳಿ. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ಪಾದ ಮೋಟೋಜಿಪಿಯಲ್ಲಿ 2018ರಿಂದ ಅದು ಕಡ್ಡಾಯ. ಆ ಹೆಲ್ಮೆಟ್ ಮಾತ್ರ ನೆಲಕ್ಕೆ ಬಡಿದಿದ್ದರೆ ಬಳಸಬೇಡಿ.

ಆಯೋಜಕರಿಗೆ ದೂರು ಕೊಟ್ಟರೆ ಚಾಡಿ ಹೇಳಿದಂತಾಗುವುದೆಂದು ಸುಮ್ಮನಿದ್ದಿರಂತೆ. ಅದು ಚಾಡಿಯಲ್ಲ. ಆ ಬೈಕಿನ ಸಂಖ್ಯೆ, ತಿರುವು, ಸೆಷನ್ ಇಷ್ಟನ್ನು ಅದೇ ದಿನ ಹೇಳಿದರೆ, ಆ ಸವಾರರನ್ನು ಕಪ್ಪು ಬಾವುಟ ತೋರಿಸಿ ಪಿಟ್ಟಿಗೆ ಕರೆದು ಮಾತಾಡುವ ಅಧಿಕಾರ ಆಯೋಜಕರಿಗಿದೆ. ಎಷ್ಟೋ ಸಲ ಆ ಸವಾರರಿಗೆ ತಾವು ಏನು ಮಾಡಿದೆವೆಂಬುದೇ ತಿಳಿದಿರುವುದಿಲ್ಲ, ನನಗೆ ತಿಳಿದಿರದ ಹಾಗೆ. ಈಗಲೂ ಬರೆದು ತಿಳಿಸಿ. ವಿಡಿಯೊ ಇದ್ದರೆ ಜೊತೆಗಿಡಿ.

ಇನ್ನು ಪತ್ರಿಕೆಯ ಮೇಲಿನ ಆಕ್ಷೇಪ. ಎರಡು ಸಂಚಿಕೆಗಳ ಹಿಂದೆ ಟ್ರ್ಯಾಕ್ ಡೇಯೊಂದರ ಚಿತ್ರವನ್ನು, ಇಬ್ಬರು ಸವಾರರ ಮೊಣಕೈಗಳು ತಾಗುವಷ್ಟು ಹತ್ತಿರವಿದ್ದ ಗಳಿಗೆಯನ್ನು, "ಎದೆಗಾರಿಕೆ" ಎಂಬ ಶೀರ್ಷಿಕೆಯೊಡನೆ ಅಚ್ಚುಹಾಕಿದ್ದೆವು. ನಿಮ್ಮನ್ನು ಬೀಳಿಸಿದಂಥ ಓವರ್‌ಟೇಕನ್ನೇ ನಾವು ಹೊಗಳಿದ್ದೇವೆಂದು ನೀವು ಬರೆದದ್ದು ಸರಿ. ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಹೊರಬದಿಯಲ್ಲಿರುವ ಸವಾರರ ಎರಡು ಬೆರಳುಗಳು ಬ್ರೇಕ್ ಲಿವರಿನ ಮೇಲಿವೆ, ತಲೆ ಒಳಬದಿಯ ಬೈಕಿನ ಕಡೆಗೆ ತಿರುಗಿದೆ. ಶೀರ್ಷಿಕೆ ಬರೆದವನು ನಾನೇ, ಆ ಬೆರಳುಗಳನ್ನು ಅಂದು ನೋಡಿರಲಿಲ್ಲ. ತಪ್ಪಾಯಿತು. ಅದೇ ಚಿತ್ರವನ್ನು ಈ ಉತ್ತರದ ಪಕ್ಕದಲ್ಲಿ, ಆ ಬೆರಳುಗಳಿಗೆ ಗುರುತು ಹಾಕಿ, ಶೀರ್ಷಿಕೆಯಿಲ್ಲದೆ ಮತ್ತೆ ಪ್ರಕಟಿಸುತ್ತಿದ್ದೇನೆ.

ಸಂಪಾದಕ